ಧಣಿಯ ಹಂಗು, ಊರಿನ ಆಟ

ಕಾಲ್ಚೆಂಡಾಟದ ಮಾತು ಬಂದರೆ ನಮ್ಮ ವಿದ್ಯಾರ್ಥಿನಿಲಯದ ಮಿತ್ರರು ಮ್ಯಾಡ್ರಿಡ್, ಮ್ಯಾಂಚೆಸ್ಟರುಗಳಿಂದ ಈಚೆಗೆ ಬರುವುದೇ ಇಲ್ಲ. ಅಂಥವರ ನಡುವೆ ನಾನೊಮ್ಮೆ ಫಿನ್ಲೆಂಡ್ ದೇಶದ ಹಾಕಾ ತಂಡದ ಹೆಸರೆತ್ತಿದೆ. ಅದರ ಕಥೆ ಕೇಳಿದ ಮಿತ್ರನೊಬ್ಬನು, "ಅದೇನು ಮಹಾ? ಕಾಗದದ ಕಾರ್ಖಾನೆಯ ಧಣಿ ಸಾಕಿದ ತಂಡ ತಾನೆ!" ಎಂದುಬಿಟ್ಟನು. ಆ ಮಾತು ನನ್ನನ್ನು ಚುಚ್ಚಿತು. ಏಕೆಂಬುದನ್ನು ಆಮೇಲೆ ಹೇಳುತ್ತೇನೆ. ಮೊದಲು ಹಾಕಾದ ವಿಚಾರ.

ಫಿನ್ಲೆಂಡಿನ ದಕ್ಷಿಣಕ್ಕೆ, ಟಾಂಪೆರೆ ನಗರದ ಬಳಿ ವಲ್ಕೆಯಕೋಸ್ಕಿ ಎಂಬ ಊರಿದೆ. ಬಿಳಿ ನೊರೆಯ ಭೋರ್ಹೊನಲು ಎಂದು ಆ ಹೆಸರಿನ ಅರ್ಥವಂತೆ. ಜನಸಂಖ್ಯೆ ಸುಮಾರು 20,000. ಆ ಹೊನಲಿನ ಬಲದಿಂದಲೇ ಅಲ್ಲಿ ಕಾಗದದ ಉದ್ಯಮ ಬೆಳೆಯಿತು. ಹಾಕಾ ಹುಟ್ಟಿದ್ದು 1934ರಲ್ಲಿ. ಎರಡನೆಯ ಮಹಾಯುದ್ಧದ ತರುವಾಯ ಕಾರ್ಖಾನೆಯ ಮುಖ್ಯಸ್ಥನಾಗಿದ್ದ ಯೂಸೋ ವಾಲ್ಡೆನ್ ಎಂಬಾತನು ಈ ತಂಡಕ್ಕೆ ಒತ್ತಾಸೆಯಾಗಿ ನಿಂತನು. ಆಟಗಾರರಿಗೆ ಕಾರ್ಖಾನೆಯಲ್ಲಿಯೇ ಕೆಲಸ. ಕೆಲಸ ಮುಗಿದ ಮೇಲೆ ಚೆಂಡು. ಅವರ ಮೈದಾನದ ಹೆಸರೂ ತೆಹ್ತಾನ್ ಕೆಂಟ್ಟಾ, ಎಂದರೆ ಕಾರ್ಖಾನೆಯ ಮೈದಾನ! ಆದ್ದರಿಂದ ನನ್ನ ಮಿತ್ರನ ಮಾತು ಸುಳ್ಳೆಂದು ನಾನು ವಾದಿಸಲಾರೆ. ಧಣಿಯ ಹಣವಿಲ್ಲದಿದ್ದರೆ ಅಷ್ಟು ಚಿಕ್ಕ ಊರು ರಾಜಧಾನಿಯ ತಂಡಗಳಿಗೆ ಎದುರಾಗಿ ನಿಲ್ಲುವುದು ಸುಲಭವಿರಲಿಲ್ಲ.

ಆದರೆ ಧಣಿಯು ಹಣ ಕೊಟ್ಟಾನು, ಗೋಲು ಹೊಡೆದಾನೆಯೆ? 1955ರಲ್ಲಿ ಫಿನ್ಲೆಂಡಿನ ಕಪ್ ಪಂದ್ಯಾವಳಿ ಮೊದಲ ಬಾರಿಗೆ ನಡೆದಾಗ ಗೆದ್ದದ್ದು ಹಾಕಾ. 1960, 1962, 1965ರಲ್ಲಿ ರಾಷ್ಟ್ರದ ಲೀಗ್ ಪ್ರಶಸ್ತಿ. 1977ರಲ್ಲಿ ಲೀಗ್ ಮತ್ತು ಕಪ್ ಎರಡೂ. ಇಂದಿನವರೆಗೆ ಒಟ್ಟು 9 ಲೀಗ್ ಪ್ರಶಸ್ತಿ, 12 ಕಪ್ಪು.

1983–84ರ ಸಂಗತಿಯನ್ನಂತೂ ಹೇಳಲೇಬೇಕು. ಯೂರೋಪಿನ ಕಪ್ ವಿಜೇತರ ಪಂದ್ಯಾವಳಿಯಲ್ಲಿ ಹಾಕಾ ಐರ್ಲೆಂಡಿನ ಸ್ಲೈಗೋ ರೋವರ್ಸನ್ನೂ ಸ್ವೀಡನ್ನಿನ ಹಮ್ಮರ್ಬಿಯನ್ನೂ ಸೋಲಿಸಿ ಕ್ವಾರ್ಟರ್ ಫೈನಲ್ ತಲುಪಿತು. ಎದುರಾಳಿ ಯಾರು? ಪ್ಲಾಟಿನಿ, ಬೋನಿಯೆಕ್, ರೋಸಿ ಇದ್ದ ಇಟಲಿಯ ಯುವೆಂಟಸ್! ಮಾರ್ಚ್ ತಿಂಗಳಲ್ಲಿ ಫಿನ್ಲೆಂಡಿನ ಮೈದಾನಗಳ ಮೇಲೆ ಹಿಮ. ಪಾಪ, ಹಾಕಾ ತನ್ನ 'ತವರಿನ' ಪಂದ್ಯವನ್ನು ಫ್ರಾನ್ಸಿನ ಸ್ಟ್ರಾಸ್‌ಬೋರ್ಗಿಗೆ ಹೋಗಿ ಆಡಬೇಕಾಯಿತು. ಅಲ್ಲಿ 0–1, ಟ್ಯೂರಿನ್ನಿನಲ್ಲಿ 0–1. ಆ ವರ್ಷದ ಕಪ್ ಯುವೆಂಟಸ್ಸಿನ ಪಾಲಾಯಿತು. ಅಂಥವರೆದುರು ಎರಡು ಪಂದ್ಯಗಳಲ್ಲಿ ಎರಡೇ ಗೋಲು ಬಿಟ್ಟುಕೊಟ್ಟದ್ದನ್ನು ಸೋಲೆನ್ನಲು ನನಗೆ ಬಾಯಿ ಬಾರದು.

ಇದಕ್ಕಿಂತಲೂ ನನಗೆ ಹಿಡಿಸಿದ್ದು ಮುಂದಿನ ಕಥೆ. 1995ರಲ್ಲಿ ಚಾಂಪಿಯನ್ ಆದ ತಂಡ 1996ರಲ್ಲಿ ಕೆಳದರ್ಜೆಗೆ ಕುಸಿಯಿತು. ಊರಿನವರಿಗೆ ಎಂಥ ಅವಮಾನ! ಆದರೆ 1997ರಲ್ಲಿ ಆ ಕೆಳದರ್ಜೆಯಲ್ಲಿದ್ದುಕೊಂಡೇ ಕಪ್ ಗೆದ್ದಿತು. ಮೇಲೇರಿ ಬಂದು 1998, 1999, 2000ರಲ್ಲಿ ಸಾಲಾಗಿ ಲೀಗ್ ಗೆದ್ದಿತು. ಹೆಲ್ಸಿಂಕಿಯ ಎಚ್‌ಜೆಕೆ ತಂಡ ಚಾಂಪಿಯನ್ಸ್ ಲೀಗಿನ ಗುಂಪು ಹಂತ ಮುಟ್ಟಿದ ಮೊದಲ ಫಿನ್ನಿಶ್ ತಂಡವೆಂದು ಹೆಸರಾದದ್ದೂ 1998ರಲ್ಲಿಯೇ. ಅದೇ ವರ್ಷ ಸ್ವದೇಶದಲ್ಲಿ ಕಿರೀಟ ಮಾತ್ರ ಕಾಗದದ ಊರಿಗೆ! 2012ರಲ್ಲಿ ಹಾಕಾ ಮತ್ತೆ ಕುಸಿಯಿತು, ಮೇಲಿನ ದರ್ಜೆಗೆ ಮರಳಿ ಬರಲು 2020 ಆಯಿತು. ಆಗಲೂ ತಂಡವನ್ನು ಮುಚ್ಚಲಿಲ್ಲ.

ಇನ್ನು ಆ ಮಾತು ಚುಚ್ಚಿದ ಕಾರಣ. ನನ್ನ ತಂದೆ ಅಕ್ಕಿ ಗಿರಣಿಯಲ್ಲಿ ಹಮಾಲಿ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲು. ಮೊದಲನೆಯ ವರ್ಷದ ಶುಲ್ಕವನ್ನು ಗಿರಣಿಯ ಧಣಿಗಳು ಕೊಟ್ಟರು. "ಧಣಿಗಳ ದುಡ್ಡಿನಲ್ಲಿ ಓದುವ ಹುಡುಗ" ಎಂದು ಊರಲ್ಲಿ ಆಡಿಕೊಂಡವರುಂಟು. ಧಣಿಗಳ ಉಪಕಾರವನ್ನು ನಾನು ಅಲ್ಲಗಳೆಯುವುದಿಲ್ಲ, ಮರೆಯುವುದೂ ಇಲ್ಲ. ಆದರೆ ಪರೀಕ್ಷೆಯ ಹಿಂದಿನ ರಾತ್ರಿಗಳಲ್ಲಿ ನಿದ್ದೆಗೆಟ್ಟವನು ನಾನು. ಚೀಲ ಹೊತ್ತು ಬಂದ ಮೈನೋವಿನಲ್ಲೂ ನನ್ನ ಪಕ್ಕದಲ್ಲಿ ಕುಳಿತು ದೀಪದ ಬತ್ತಿ ಏರಿಸುತ್ತಿದ್ದವರು ನಮ್ಮ ತಂದೆ. ಹಾಕಾದ ಆಟಗಾರರನ್ನು ಸಾಕಿದ ತಂಡದವರೆಂದು ಯಾರಾದರೂ ಹಳಿದಾಗ, ಹಗಲೆಲ್ಲ ಕಾರ್ಖಾನೆಯಲ್ಲಿ ದುಡಿದು ಸಂಜೆ ಮೈದಾನಕ್ಕಿಳಿದ ಅವರ ಕಾಲುಗಳೇ ನನ್ನ ಕಣ್ಣಿಗೆ ಕಟ್ಟುತ್ತವೆ.

ಮಿತ್ರನಿಗೆ ಅಂದು ನಾನು ಉತ್ತರ ಕೊಡಲಿಲ್ಲ. ಸಂಚಿಕೆ ಅಚ್ಚಾಗಿ ಬಂದೊಡನೆ ಈ ಪುಟವನ್ನು ತೆರೆದು ಅವನ ಮೇಜಿನ ಮೇಲಿಡುವವನಿದ್ದೇನೆ.