ಅರ್ಜಿಯಲ್ಲಿ ಇಲ್ಲದ ಮಾತು

ರಾಯಚೂರಿನಿಂದ ಗುಂತಕಲ್ಲಿಗೆ ಹೋಗುವ ರೈಲುಹಾದಿಯಲ್ಲಿ ಮಟಮಾರಿ ಒಂದು ಸಣ್ಣ ನಿಲ್ದಾಣ. ದೊಡ್ಡ ಗಾಡಿಗಳು ಅದನ್ನು ಲೆಕ್ಕಕ್ಕೇ ಹಿಡಿಯದೆ ದೂಳೆಬ್ಬಿಸಿಕೊಂಡು ಹೋಗುತ್ತವೆ. ಕೆಲವು ವರ್ಷಗಳ ಹಿಂದೆ, ಹತ್ತಿ ಬಿಡಿಸುವ ದಿನಗಳಲ್ಲಿ, ರಾಯಚೂರಿನ ಕಡೆಯ ಗಾಡಿಗಾಗಿ ಅಲ್ಲಿ ಕಾಯುತ್ತ ಕೂತಿದ್ದೆ. ಪಕ್ಕದಲ್ಲಿ ಮೂವತ್ತರ ಆಸುಪಾಸಿನ ಒಬ್ಬ ಹೆಣ್ಣುಮಗಳು. ಮಡಿಲಲ್ಲಿ ಪ್ಲಾಸ್ಟಿಕ್ ಚೀಲ, ಚೀಲದೊಳಗೆ ಮಡಿಚಿಟ್ಟ ಕಾಗದಗಳು.

"ಎಲ್ಲಿಗವ್ವಾ ಹೊಂಟಿದ್ದು?" ಅಂದೆ.

"ರಾಯಚೂರಿಗ್ರಿ. ಪೇಶಿ ಐತಿ."

ಬೇರೆ ಜಿಲ್ಲೆಯ ಓದುಗರಿಗೆ ಈ ಮಾತು ತಿಳಿಯಲಿಕ್ಕಿಲ್ಲ. ನಮ್ಮ ಕಡೆ ಕೋರ್ಟಿನ ತಾರೀಖಿಗೆ ಪೇಶಿ ಎನ್ನುತ್ತಾರೆ. ನಿಜಾಮರ ಕಾಲದಲ್ಲಿ ಇಲ್ಲಿನ ಕಚೇರಿಗಳೆಲ್ಲ ಉರ್ದುವಿನಲ್ಲಿ ನಡೆಯುತ್ತಿದ್ದವಲ್ಲ, ರಾಜ್ಯ ಹೋದರೂ ಮಾತು ಉಳಿಯಿತು. ಆಮೇಲೆ ಇಂಗ್ಲಿಷ್ ಬಂತು. ಒಟ್ಟಿನಲ್ಲಿ ನ್ಯಾಯ ಕೇಳಲು ಹೋದವಳ ಮನೆಮಾತು ಕಟೆಕಟೆಯ ತನಕ ಹೋಗುವುದು ಕಡಿಮೆಯೇ.

ಆಕೆ ಕಾಗದ ತೆಗೆದು, "ಇದರಾಗ ಏನು ಬರದಾರ, ಜರಾ ಓದಿ ಹೇಳ್ರಿ ಅಣ್ಣಾರ" ಎಂದಳು. ಅದು ಜೀವನಾಂಶದ ಅರ್ಜಿ. ಇಂಗ್ಲಿಷಿನಲ್ಲಿತ್ತು. ಓದಿಕೊಂಡು ಕನ್ನಡದಲ್ಲಿ ಹೇಳಿದೆ. ನೀನು ಇಂಥವನ ಹೆಂಡತಿ, ಇಂಥ ವರ್ಷ ಲಗ್ನವಾಯಿತು, ಎರಡು ಮಕ್ಕಳು, ಗಂಡ ನೋಡಿಕೊಳ್ಳುತ್ತಿಲ್ಲ, ಅವನಿಗೆ ದುಡಿಮೆ ಇದೆ, ನಿನಗೆ ಇಲ್ಲ, ತಿಂಗಳಿಗೆ ಇಷ್ಟು ರೂಪಾಯಿ ಕೊಡಿಸಬೇಕು ಎಂದಿದೆ ಅಂದೆ. ಆಕೆ ಇನ್ನೂ ಏನೋ ಬರುತ್ತದೆ ಎನ್ನುವಂತೆ ನನ್ನ ಮುಖವನ್ನೇ ನೋಡುತ್ತಿದ್ದಳು.

"ಇಷ್ಟ ಏನ್ರಿ?"

"ಇಷ್ಟೇ."

"ಮತ್ತ ನಾ ಹೇಳಿದ್ದು? ಅತ್ತಿ ನನ್ನ ತಟ್ಟಿ ಹೊರಗ ಇಡತಿದ್ಲು ಅಂತ ಹೇಳಿದ್ನೆಲ್ಲ. ಜ್ವರ ಬಂದಾಗ ಕೂಸಿನ ಎತಗೊಂಡು ರಾತ್ರಿ ನಡಕೋತ ಹೋಗಿದ್ದು?"

ಅದು ಅದರಲ್ಲಿ ಇರಲಿಲ್ಲ. ಹಾಗೆಂದು ಅರ್ಜಿ ಬರೆದ ವಕೀಲರನ್ನು ದೂರುವಂತೆಯೂ ಇರಲಿಲ್ಲ. ಮ್ಯಾಜಿಸ್ಟ್ರೇಟರ ಮುಂದೆ ಸಾಬೀತಾಗಬೇಕಾದ ಸಂಗತಿಗಳು ಮೂರೋ ನಾಲ್ಕೋ. ಸಂಬಂಧ ಇದೆಯೇ, ಗಂಡನಿಗೆ ಶಕ್ತಿ ಇದೆಯೇ, ಶಕ್ತಿ ಇದ್ದೂ ಕೈಬಿಟ್ಟಿದ್ದಾನೆಯೇ, ಹೆಂಡತಿಗೆ ತನ್ನನ್ನು ಸಾಕಿಕೊಳ್ಳಲು ಆಗದೇ. ಊಟದ ತಟ್ಟೆ ಎಲ್ಲಿತ್ತು ಎಂಬುದು ಆ ಲೆಕ್ಕಕ್ಕೆ ಅಷ್ಟಾಗಿ ಬೇಕಿಲ್ಲ. ಚೊಕ್ಕ ಅರ್ಜಿ ಎಂದರೆ ಹಾಗೆಯೇ ಇರುತ್ತದೆ.

2025ರ ಮೇ 20ರಂದು ಲಂಡನ್ನಿನಲ್ಲಿ ಬಾನು ಮುಷ್ತಾಕ್ ಅವರಿಗೆ ಅಂತರರಾಷ್ಟ್ರೀಯ ಬೂಕರ್ ಬಹುಮಾನ ಘೋಷಣೆಯಾದಾಗ ನನಗೆ ಯಾಕೋ ಮಟಮಾರಿಯ ಆ ಪ್ರಶ್ನೆಯೇ ನೆನಪಿಗೆ ಬಂತು. ಮರುದಿನದ ಪತ್ರಿಕೆಗಳೆಲ್ಲ ಅವರನ್ನು 'ಲೇಖಕಿ, ವಕೀಲೆ, ಹೋರಾಟಗಾರ್ತಿ' ಎಂದು ಬರೆದವು. ಮೊದಲನೆಯ ಪದದ ಬಗ್ಗೆ ಪುಟಗಟ್ಟಲೆ ಬಂತು. ಮೂರನೆಯದರ ಬಗ್ಗೆ ಪರ ವಿರೋಧ ಎರಡೂ ಬಂತು. ನಡುವಿನ ಪದವನ್ನು ಎಲ್ಲರೂ ಓದಿಕೊಂಡು ಮುಂದೆ ಹೋದರು. ಈ ವಾರ ಆ ನಡುವಿನ ಪದದ ಹತ್ತಿರ ಸ್ವಲ್ಪ ನಿಲ್ಲೋಣ.

ಬಾನು ಹುಟ್ಟಿದ್ದು 1948ರಲ್ಲಿ, ಹಾಸನದಲ್ಲಿ. ಮನೆಯಲ್ಲಿ ದಖ್ಖನಿ ಉರ್ದು. ಎಂಟನೆಯ ವಯಸ್ಸಿನಲ್ಲಿ ತಂದೆ ಆಕೆಯನ್ನು ಶಿವಮೊಗ್ಗದ ಮಿಷನರಿ ಶಾಲೆಯ ಕನ್ನಡ ಮಾಧ್ಯಮಕ್ಕೆ ಸೇರಿಸಿದರು. ಆರು ತಿಂಗಳಲ್ಲಿ ಕನ್ನಡ ಓದಿ ಬರೆಯಲು ಕಲಿಯಬೇಕು, ಇಲ್ಲವಾದರೆ ಶಾಲೆ ಬಿಡಬೇಕು ಎಂಬ ಕರಾರಿನ ಮೇಲೆ. ಹುಡುಗಿಗೆ ಅಷ್ಟು ತಿಂಗಳೇನೂ ಬೇಕಾಗಲಿಲ್ಲ. ಕಾಲೇಜು ಓದಿದರು. ಇಪ್ಪತ್ತಾರರಲ್ಲಿ, ಮೆಚ್ಚಿದವರನ್ನೇ ಮದುವೆಯಾದರು. ಮದುವೆಯಾದ ಮೇಲೆ ಬುರ್ಖಾ ಮತ್ತು ಮನೆಗೆಲಸದ ನಡುವೆ ಉಸಿರು ಕಟ್ಟಿದ್ದನ್ನೂ, ಬಾಣಂತನದ ಮಂಕು ಕವಿದ ಒಂದು ದಿನ ಮೈಮೇಲೆ ಪೆಟ್ರೋಲು ಸುರಿದುಕೊಂಡದ್ದನ್ನೂ, ಗಂಡ ಕೂಸನ್ನು ಕಾಲ ಬಳಿ ಮಲಗಿಸಿ ಬೇಡಿಕೊಂಡು ಉಳಿಸಿದ್ದನ್ನೂ ಅವರೇ ಹೇಳಿಕೊಂಡಿದ್ದಾರೆ. 'ಎದೆಯ ಹಣತೆ' ಕಥೆಯನ್ನು ಓದಿದವರಿಗೆ ಅದರ ಬೇರು ಎಲ್ಲಿದೆ ಎಂದು ಬಿಡಿಸಿ ಹೇಳಬೇಕಿಲ್ಲ.

1981ರಿಂದ ಸುಮಾರು ಹತ್ತು ವರ್ಷ 'ಲಂಕೇಶ್ ಪತ್ರಿಕೆ'ಗೆ ವರದಿ ಬರೆದರು. ಬಂಡಾಯ ಸಾಹಿತ್ಯದ ಗಾಳಿ ಬೀಸುತ್ತಿದ್ದ ಕಾಲ. 1990ರಲ್ಲಿ ಪತ್ರಿಕೆಯನ್ನು ಬಿಟ್ಟು ಕರಿಕೋಟು ತೊಟ್ಟರು. ಇದಕ್ಕೆ ಯಾವ ದೊಡ್ಡ ಆದರ್ಶದ ಕಾರಣವನ್ನೂ ಅವರು ಕೊಟ್ಟಿಲ್ಲ. ಸಂಸಾರ ನಡೆಯಬೇಕಿತ್ತು. ನನಗೆ ಈ ಕಾರಣ ಬಹಳ ಹಿಡಿಸಿತು. ಹೊಟ್ಟೆಪಾಡಿಗೆಂದು ಹಿಡಿದ ಕೆಲಸವನ್ನು ಮನುಷ್ಯ ನಿತ್ಯ ಮಾಡಬೇಕಾಗುತ್ತದೆ. ಹುರುಪಿಗೆಂದು ಹಿಡಿದದ್ದನ್ನು ಹುರುಪು ಇದ್ದಾಗ ಮಾತ್ರ.

ಅದೇ 1990ರಲ್ಲಿ ಅವರ ಮೊದಲ ಕಥಾಸಂಕಲನ 'ಹೆಜ್ಜೆ ಮೂಡಿದ ಹಾದಿ'ಯೂ ಬಂತು. ಒಂದೇ ವರ್ಷ ಎರಡು ಮೇಜುಗಳು. ಒಂದರ ಮೇಲೆ ವಕಾಲತ್ತು, ಇನ್ನೊಂದರ ಮೇಲೆ ಕಥೆ.

ಆ ಹೊತ್ತಿನಲ್ಲಿ ಜಿಲ್ಲಾ ಕೇಂದ್ರದ ಒಬ್ಬ ವಕೀಲೆಯ ಮುಂದೆ ಗಂಡ ಬಿಟ್ಟವಳೊಬ್ಬಳು ಬಂದು ಕೂತರೆ ಕಾನೂನು ಆಕೆಗೆ ಕೊಡಬಹುದಾಗಿದ್ದದ್ದು ಎಷ್ಟು ಎಂದು ನೋಡಿ. ದಂಡ ಪ್ರಕ್ರಿಯಾ ಸಂಹಿತೆಯ 125ನೆಯ ಕಲಮಿನಲ್ಲಿ ಜೀವನಾಂಶಕ್ಕೆ ತಿಂಗಳಿಗೆ 500 ರೂಪಾಯಿಯ ಗರಿಷ್ಠ ಮಿತಿ ಇತ್ತು. ಗಂಡ ಎಷ್ಟೇ ಸಿರಿವಂತನಾಗಿರಲಿ, ಮ್ಯಾಜಿಸ್ಟ್ರೇಟರು ಅದರ ಮೇಲೆ ಒಂದು ಪೈಸೆ ಬರೆಯುವಂತಿರಲಿಲ್ಲ. ಆ ಮಿತಿ ಹೋದದ್ದು 2001ರ ತಿದ್ದುಪಡಿಯಲ್ಲಿ.

ತಲಾಖ್ ಆದ ಮುಸ್ಲಿಂ ಹೆಂಗಸಿಗೆ ಆ 500 ರೂಪಾಯಿಯ ಬಾಗಿಲೂ ಕಿರಿದಾಗಿತ್ತು. ಇಂದೋರಿನ ಶಾಬಾನೋ ಪ್ರಕರಣ ಎಲ್ಲರಿಗೂ ಗೊತ್ತು. ಆದರೆ ಅದರ ಮೊತ್ತ ಎಷ್ಟೆಂದು ನೆನಪಿರುವವರು ಕಡಿಮೆ. ಕೆಳಗಿನ ಕೋರ್ಟು ಕೊಟ್ಟದ್ದು ತಿಂಗಳಿಗೆ 25 ರೂಪಾಯಿ, ಹೈಕೋರ್ಟು ಏರಿಸಿದ್ದು 179 ರೂಪಾಯಿ 20 ಪೈಸೆಗೆ. ಇಷ್ಟನ್ನು ಕೊಡಲಾರೆ ಎಂದು ಸುಪ್ರೀಂ ಕೋರ್ಟಿನವರೆಗೆ ಹೋದ ಗಂಡ ಸ್ವತಃ ವಕೀಲ! 1985ರಲ್ಲಿ ಆಕೆ ಗೆದ್ದಳು. 1986ರಲ್ಲಿ ಸಂಸತ್ತು ಬೇರೊಂದು ಕಾಯ್ದೆ ಮಾಡಿ, ಗಂಡನ ಹೊಣೆ ಇದ್ದತ್ತಿನ ಅವಧಿಗೆ ಮುಗಿಯುತ್ತದೆ, ಆಮೇಲಿನದು ನೆಂಟರದು, ಅವರೂ ಇಲ್ಲದಿದ್ದರೆ ವಕ್ಫ್ ಮಂಡಳಿಯದು ಎಂಬ ಅರ್ಥ ಬರುವ ಹಾಗೆ ಬರೆಯಿತು. ಇದ್ದತ್ತು ಎಂದರೆ ಹೆಚ್ಚುಕಡಿಮೆ ಮೂರು ತಿಂಗಳು. 2001ರಲ್ಲಿ ಡ್ಯಾನಿಯಲ್ ಲತೀಫಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅದೇ ಕಾಯ್ದೆಯನ್ನು ಬೇರೆ ಥರ ಓದಿತು. ಆ ಮೂರು ತಿಂಗಳೊಳಗೆ ಆಕೆಯ ಮುಂದಿನ ಬಾಳಿಗೆಲ್ಲ ಸಾಕಾಗುವ ಏರ್ಪಾಟನ್ನು ಗಂಡ ಮಾಡಬೇಕು ಎಂದಿತು. 2024ರ ಜುಲೈನಲ್ಲಿ, ಕನ್ನಡತಿ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಪೀಠ, ತಲಾಖ್ ಆದವಳಿಗೆ 125ರ ಬಾಗಿಲೂ ತೆರೆದೇ ಇದೆ ಎಂದು ಸ್ಪಷ್ಟಪಡಿಸಿತು.

ಈ ನಾಲ್ಕು ದಶಕಗಳ ಹಾದಿಯನ್ನು ಪತ್ರಿಕೆಯಲ್ಲಿ ಓದುವವರಿಗೆ ಅದು ತೀರ್ಪುಗಳ ಪಟ್ಟಿ. ಹಾಸನದಂಥ ಊರಿನ ವಕೀಲೆಗೆ ಹಾಗಲ್ಲ. ಎದುರು ಕೂತವಳಿಗೆ ಇವತ್ತು ಯಾವ ಬಾಗಿಲು ತೆರೆದಿದೆ, ಯಾವುದು ಮುಚ್ಚಿದೆ ಎಂದು ಹೇಳಬೇಕಾದ ದಿನನಿತ್ಯದ ಸಂಕಟ. ಹೇಳಿದ ಮೇಲೂ ಕೆಲಸ ಮುಗಿಯುವುದಿಲ್ಲ. ನೋಟೀಸು ಹೋಗಬೇಕು, ಗಂಡ ಊರಲ್ಲಿ ಇಲ್ಲ ಎಂದು ಅದು ಹಿಂದಕ್ಕೆ ಬರಬೇಕು, ಆದೇಶವಾದರೂ ವಸೂಲಿಗೆ ಮತ್ತೊಂದು ಅರ್ಜಿ ಹಾಕಬೇಕು. ಅಷ್ಟೂ ದಿನ ಆಕೆ ಕೂಲಿ ಬಿಟ್ಟು ಬಂದು ಹೋಗಬೇಕು.

ಇದನ್ನೆಲ್ಲ ಹೇಳಲು ಕಾರಣವಿದೆ. ಬಾನು ಅವರ 'ಕರಿ ನಾಗರಗಳು' ಎಂಬ ಕಥೆಯಲ್ಲಿ ಅಶ್ರಫ್ ಎನ್ನುವವಳು ಮೂರು ಹೆಣ್ಣು ಹೆತ್ತಳೆಂದು ಗಂಡ ಕೈಬಿಡುತ್ತಾನೆ. ಓದಿಕೊಂಡ ಹೆಂಗಸೊಬ್ಬಳು ಧರ್ಮದಲ್ಲೇ ನಿನಗೆ ಹಕ್ಕಿದೆ ಎಂದು ತಿಳಿಸುತ್ತಾಳೆ. ಅಶ್ರಫ್ ಕಾಯಿಲೆ ಕೂಸನ್ನು ಕಟ್ಟಿಕೊಂಡು ಮುತವಲ್ಲಿಯ ಬಳಿ ನ್ಯಾಯ ಬೇಡುತ್ತಾಳೆ, ಮಸೀದಿಯ ಅಂಗಳದಲ್ಲೇ ಕೂರುತ್ತಾಳೆ. ನ್ಯಾಯ ಸಿಗುವುದಿಲ್ಲ, ಕೂಸು ಸಾಯುತ್ತದೆ. ಆಮೇಲೆ ಊರಿನ ಹೆಂಗಸರು ಮುತವಲ್ಲಿಗೆ ಹಾಕುವ ಶಾಪ ಇದೆಯಲ್ಲ, ಅದು ಯಾವ ಅರ್ಜಿಯಲ್ಲೂ ಬರುವಂಥದ್ದಲ್ಲ. ಕೊನೆಗೆ ಮುತವಲ್ಲಿಯ ಹೆಂಡತಿಯೇ, ಸಾಲುಸಾಲಾಗಿ ಹೆತ್ತು ದಣಿದವಳು, ಇನ್ನು ಮಕ್ಕಳು ಬೇಡವೆಂದು ಆಪರೇಷನ್ನಿಗೆ ಹೊರಡುತ್ತಾಳೆ. ಯಾರನ್ನೂ ಕೇಳದೆ. ಗಿರೀಶ ಕಾಸರವಳ್ಳಿ ಈ ಕಥೆಯನ್ನು 'ಹಸೀನಾ' ಎಂಬ ಚಿತ್ರ ಮಾಡಿದರು, ತಾರಾ ಅವರಿಗೆ ರಾಷ್ಟ್ರಪ್ರಶಸ್ತಿ ತಂದದ್ದು ಅದೇ.

ವಕೀಲೆಯ ಮೇಜಿನ ಮೇಲೆ ಅಶ್ರಫಳ ಸಂಗತಿ ಒಂದು ಪುಟಕ್ಕೆ ಇಳಿಯುತ್ತಿತ್ತು. ಸಂಬಂಧ, ಶಕ್ತಿ, ನಿರ್ಲಕ್ಷ್ಯ, ಮೊತ್ತ. ಇಳಿಯಲೇಬೇಕು, ಇಲ್ಲವಾದರೆ ಮೊತ್ತ ಸಿಗುವುದಿಲ್ಲ. ಉಳಿದದ್ದೆಲ್ಲ ಎಲ್ಲಿಗೆ ಹೋಗಬೇಕು ಎಂಬುದೇ ಪ್ರಶ್ನೆ. ಸಾಮಾನ್ಯವಾಗಿ ಅದು ವಕೀಲರ ಕಚೇರಿಯ ಹೊರಗಿನ ಬೆಂಚಿನ ಮೇಲೆ ಉಳಿದುಬಿಡುತ್ತದೆ. ಹಾಸನದಲ್ಲಿ ಅದಕ್ಕೆ ಇನ್ನೊಂದು ಮೇಜು ಇತ್ತು. ಕಥೆಗಾರ್ತಿಯಾದ್ದರಿಂದ ಬಾನು ಒಳ್ಳೆಯ ವಕೀಲೆಯಾದರೋ, ವಕೀಲೆಯಾದ್ದರಿಂದ ಒಳ್ಳೆಯ ಕಥೆಗಾರ್ತಿಯಾದರೋ, ಆ ಜಗಳ ನನಗೆ ಬೇಡ. ಮೂವತ್ತು ವರ್ಷಕ್ಕೂ ಮೀರಿ ಎರಡನ್ನೂ ಬಿಡಲಿಲ್ಲ ಎಂಬುದಷ್ಟೇ ನನಗೆ ದೊಡ್ಡದು.

ಬಿಡಿಸಲು ನೋಡಿದವರು ಇದ್ದರು. 2000ದಲ್ಲಿ, ಮುಸ್ಲಿಂ ಹೆಂಗಸರಿಗೂ ಮಸೀದಿಯೊಳಗೆ ಹೋಗಿ ನಮಾಜು ಮಾಡುವ ಹಕ್ಕಿದೆ ಎಂದು ಆಡಿದ ಮಾತಿಗೆ ಅವರ ಮೇಲೂ ಮನೆಯವರ ಮೇಲೂ ಫತ್ವಾ ಬಂತು. ಮೂರು ತಿಂಗಳು ಬಹಿಷ್ಕಾರ. ಒಬ್ಬಾತ ಚೂರಿ ಹಿಡಿದು ಬಂದ, ಗಂಡ ತಡೆದರು. ಬಹಿಷ್ಕಾರ ಎಂದರೆ ನಮ್ಮ ಹಳ್ಳಿಗಳವರಿಗೆ ವಿವರಿಸಬೇಕಿಲ್ಲ. ಅಂಗಡಿಯವನು ಮುಖ ತಿರುಗಿಸುತ್ತಾನೆ, ಮದುವೆಗೆ ಕರೆಯುವುದಿಲ್ಲ, ಸಾವಿಗೆ ಬರುವುದಿಲ್ಲ. ಇದರ ಮುಂದಿನ ಅಧ್ಯಾಯ ದೆಹಲಿಯಲ್ಲಿ ನಡೆಯಿತು. ಪುಣೆಯ ದಂಪತಿ ಇದೇ ಹಕ್ಕನ್ನು ಕೇಳಿ 2019ರಲ್ಲಿ ಸುಪ್ರೀಂ ಕೋರ್ಟಿಗೆ ಹೋದಾಗ, ಅಖಿಲ ಭಾರತ ಮುಸ್ಲಿಂ ವೈಯಕ್ತಿಕ ಕಾನೂನು ಮಂಡಳಿ 2020ರಲ್ಲಿ ಪ್ರಮಾಣಪತ್ರ ಸಲ್ಲಿಸಿತು. ಹೆಂಗಸರು ಮಸೀದಿಗೆ ಬಂದು ನಮಾಜು ಮಾಡಲು ಧರ್ಮದ ಅಡ್ಡಿಯಿಲ್ಲ ಎಂದು ಅದರಲ್ಲಿತ್ತು. ಹಾಸನದಲ್ಲಿ ಚೂರಿ ತಂದ ಮಾತು ಇಪ್ಪತ್ತು ವರ್ಷದ ಮೇಲೆ ಛಾಪಾ ಕಾಗದದ ಮಾತಾಯಿತು.

ಅವರು ಒಂದೇ ಕಡೆಯವರ ತಪ್ಪನ್ನು ಎತ್ತಿದವರೂ ಅಲ್ಲ. ಬಾಬಾಬುಡನ್‌ಗಿರಿಯ ದರ್ಗಾಕ್ಕೆ ಮುಸ್ಲಿಮರು ಹೋಗದಂತೆ ಮಾಡುವ ಯತ್ನ ನಡೆದಾಗ ಕೋಮು ಸೌಹಾರ್ದ ವೇದಿಕೆಯ ಜೊತೆ ನಿಂತರು. ಹಿಜಾಬ್ ತೊಟ್ಟು ತರಗತಿಗೆ ಹೋಗುವ ಹುಡುಗಿಯರ ಹಕ್ಕಿನ ಪರವಾಗಿಯೂ ಮಾತಾಡಿದರು. ಮಸೀದಿಯೊಳಗೆ ಬಿಡಿ ಎಂದದ್ದಕ್ಕೆ ಮೆಚ್ಚಿದವರು ಹಿಜಾಬಿನ ಮಾತಿಗೆ ಹುಬ್ಬು ಗಂಟಿಕ್ಕಿದರು. ನನಗೆ ಎರಡೂ ಒಂದೇ ವಾದವಾಗಿ ಕಾಣುತ್ತದೆ. ಹೆಣ್ಣುಮಗಳು ಯಾವ ಬಾಗಿಲೊಳಗೆ ಹೇಗೆ ಹೋಗಬೇಕೆಂದು ಬಾಗಿಲಲ್ಲಿ ನಿಂತ ಗಂಡಸು ತೀರ್ಮಾನಿಸಬಾರದು.

2025ರ ದಸರೆಯಲ್ಲಂತೂ ವಕೀಲೆಯೇ ದಾವೆಯ ವಸ್ತುವಾದರು. ಚಾಮುಂಡಿ ಬೆಟ್ಟದಲ್ಲಿ ಉದ್ಘಾಟನೆಗೆ ಸರ್ಕಾರ ಅವರನ್ನು ಕರೆದದ್ದನ್ನು ಪ್ರಶ್ನಿಸಿ ಅರ್ಜಿಗಳು ಬಿದ್ದವು. ಸೆಪ್ಟೆಂಬರ್ 15ರಂದು ಹೈಕೋರ್ಟು ವಜಾ ಮಾಡಿತು, 19ರಂದು ಸುಪ್ರೀಂ ಕೋರ್ಟು ಸಂವಿಧಾನದ ಪೀಠಿಕೆಯನ್ನು ನೆನಪಿಸಿ ವಜಾ ಮಾಡಿತು. 22ರಂದು ಅವರು ಬೆಟ್ಟ ಹತ್ತಿ ದಸರೆಗೆ ಚಾಲನೆ ಕೊಟ್ಟರು.

ಹೆಂಗಸರಿಗೆ ಈ ಕರಿಕೋಟು ಸುಲಭಕ್ಕೆ ಸಿಕ್ಕಿದ್ದಲ್ಲ. ವಕೀಲರ ಕಾಯ್ದೆ ಹೆಂಗಸರಿಗೆ ಅನ್ವಯಿಸದು ಎಂದು 1916ರಲ್ಲಿ ಕಲ್ಕತ್ತಾ ಹೈಕೋರ್ಟು ರೆಜಿನಾ ಗುಹಾ ಎಂಬಾಕೆಯನ್ನು ಹಿಂದಕ್ಕೆ ಕಳಿಸಿತ್ತು. 1923ರ ಕಾಯ್ದೆ ಬಂದ ಮೇಲೆಯೇ ಬ್ರಿಟಿಷ್ ಇಂಡಿಯಾದಲ್ಲಿ ತಡೆ ಪೂರ್ತಿ ಸರಿದದ್ದು. ನಮ್ಮ ಪಕ್ಕದ ಬಳ್ಳಾರಿಯಲ್ಲಿ ಮಂಜುಳಾ ಚೆಲ್ಲೂರ್ 1978ರಲ್ಲಿ ವಕೀಲಿ ಹಿಡಿದಾಗ ಊರಿಗೇ ಮೊದಲ ಮಹಿಳಾ ವಕೀಲರು. ಅವರು 2000ದಲ್ಲಿ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿಯಾದರು. ಮುಂದೆ ಕೇರಳ, ಕಲ್ಕತ್ತಾ, ಬಾಂಬೆ ಹೈಕೋರ್ಟುಗಳ ಮುಖ್ಯ ನ್ಯಾಯಮೂರ್ತಿಯಾದರು. ಕಲ್ಕತ್ತಾ ಎಂದೆನಲ್ಲ, ರೆಜಿನಾ ಗುಹಾರನ್ನು ಹಿಂದಕ್ಕೆ ಕಳಿಸಿದ ಹೈಕೋರ್ಟೇ ಅದು.

ಮಟಮಾರಿಯ ಬೆಂಚಿಗೆ ಮರಳುತ್ತೇನೆ. ಗಾಡಿ ತಡವಾಗಿತ್ತು. ವಕೀಲರಿಗೆ ಎಷ್ಟು ಕೊಟ್ಟೆ ಎಂದು ಕೇಳಿದೆ. ಆಕೆ ಬರಿಗಿವಿ ಮುಟ್ಟಿ ತೋರಿಸಿದಳು, ಬೆಂಡೋಲೆ ಹೋಗಿದ್ದವು. 1987ರ ಕಾನೂನು ಸೇವೆಗಳ ಕಾಯ್ದೆ ಎಂದೊಂದು ಇದೆ, ಅದರ 12ನೆಯ ಕಲಮಿನ ಪ್ರಕಾರ ಹೆಂಗಸು ಎಂಬ ಒಂದೇ ಕಾರಣಕ್ಕೆ ಸರ್ಕಾರದ ಖರ್ಚಿನಲ್ಲಿ ವಕೀಲರು ಸಿಗುತ್ತಾರೆ, ಆದಾಯ ಎಷ್ಟೆಂದು ಕೇಳುವುದಿಲ್ಲ, ಜಿಲ್ಲಾ ಕೋರ್ಟಿನಲ್ಲೇ ಪ್ರಾಧಿಕಾರದ ಕಚೇರಿ ಇರುತ್ತದೆ ಎಂದೆಲ್ಲ ಹೇಳಿದೆ. ದುಡ್ಡಿನ ಮಾತನ್ನು ಆಕೆ ಅಷ್ಟಾಗಿ ಕಿವಿಗೆ ಹಾಕಿಕೊಳ್ಳಲಿಲ್ಲ. ಕಾಗದ ಮಡಿಚಿ ಚೀಲಕ್ಕೆ ಹಾಕುತ್ತ ಕೇಳಿದಳು:

"ಅಲ್ಲಿ ಹೆಣ್ಣುಮಕ್ಕಳು ವಕೀಲರು ಅದಾರೇನ್ರಿ?"

"ಅದಾರವ್ವಾ" ಅಂದೆ.

"ಹಂಗಾರ ಅವರಿಗೆ ಮೊದಲಿಂದ ಹೇಳತೀನ್ರಿ."