ಬಡವರ ಮಾತ್ರೆಯೂ ದವಡೆಗೆ ಮೂಲ

ಬಡವನ ಸಿಟ್ಟು ದವಡೆಗೆ ಮೂಲ ಎಂದು ಗಾದೆ ಕಟ್ಟಿದವರು ಹೊಟ್ಟೆ ತುಂಬಿದವರೇ ಇರಬೇಕು. ಬಾಯಿ ತೆರೆದರೆ ಹಲ್ಲು ಉದುರೀತು, ಹುಷಾರು ಎನ್ನುವ ಧಮಕಿ ಅದು. ಈಗ ಕಾಲ ಸುಧಾರಿಸಿದೆ. ಸಿಟ್ಟೇ ಮಾಡದೆ, ತೆಪ್ಪಗೆ ಸಾಲಿನಲ್ಲಿ ನಿಂತು, ಸರ್ಕಾರಿ ಆಸ್ಪತ್ರೆಯವರು ಕೊಟ್ಟ ಫಿಟ್ಸ್ ಮಾತ್ರೆಯನ್ನು ಒಂದು ದಿನವೂ ತಪ್ಪಿಸದೆ ನುಂಗಿದರೂ ದವಡೆ ಕೆಡುತ್ತದೆ. ಫಿನಿಟಾಯಿನ್ ಎಂಬ ಆ ಮಾತ್ರೆಗೆ ಮೂರ್ಛೆರೋಗ ತಡೆಯುವ ಶಕ್ತಿಯಿದೆ ಎಂದು ಅಮೆರಿಕದ ಮೆರಿಟ್ ಮತ್ತು ಪಟ್ನಮ್ ಸಾರಿದ್ದು 1938ರಲ್ಲಿ. ಅದನ್ನು ತಿಂದವರ ಒಸಡು ಬೆಳೆದು ಹಲ್ಲಿನ ಮೇಲೇರುತ್ತದೆ ಎಂದು ವೈದ್ಯರೇ ಬರೆದಿಟ್ಟದ್ದು 1939ರಲ್ಲಿ. ಎಂಬತ್ತು ವರ್ಷ ದಾಟಿತು. ಇವತ್ತಿಗೂ "ಸರಿಯಾಗಿ ಹಲ್ಲು ಉಜ್ಜಲ್ವೇನಮ್ಮ?" ಎಂದು ಬೈಸಿಕೊಳ್ಳುವವಳು ಆ ಮಾತ್ರೆ ತಿಂದ ಹುಡುಗಿಯೇ.

ಒಸಡಿನ ಜೊತೆಗೆ ಮುಖದ ಮೇಲೆ ಕೂದಲು, ಒರಟಾಗುವ ಚಹರೆ. ಹೆಣ್ಣು ನೋಡಲು ಬರುವ ಊರಿನಲ್ಲಿ ಇದರ ಅರ್ಥವೇನು ಎಂದು ಬಿಡಿಸಿ ಹೇಳಬೇಕೆ? ಆದರೆ ಚೀಟಿ ಬರೆಯುವವರ ಲೆಕ್ಕದಲ್ಲಿ ಇದು "ಕಾಸ್ಮೆಟಿಕ್" ತೊಂದರೆ.

2011ರಲ್ಲಿ ದೆಹಲಿಯ ಏಮ್ಸ್ ವೈದ್ಯರು ಒಂದು ಅಧ್ಯಯನ ಪ್ರಕಟಿಸಿದರು. ಫಿನಿಟಾಯಿನ್ ಶುರು ಮಾಡಿದ 120 ಮಕ್ಕಳಲ್ಲಿ ಕೆಲವರಿಗೆ ದಿನಕ್ಕೆ ಅರ್ಧ ಮಿಲಿಗ್ರಾಂ ಫೋಲಿಕ್ ಆಸಿಡ್ ಕೊಟ್ಟರು, ಉಳಿದವರಿಗೆ ಔಷಧವಿಲ್ಲದ ಹುಸಿ ಮಾತ್ರೆ. ಆರು ತಿಂಗಳಾದ ಮೇಲೆ ನೋಡಿದರೆ ಹುಸಿ ಮಾತ್ರೆ ತಿಂದವರಲ್ಲಿ ನೂರಕ್ಕೆ 88 ಮಕ್ಕಳ ಒಸಡು ಬೆಳೆದಿತ್ತು, ಫೋಲಿಕ್ ಆಸಿಡ್ ತಿಂದವರಲ್ಲಿ 21. ಫೋಲಿಕ್ ಆಸಿಡ್ ಏನು ದೇವಲೋಕದ ಪಾರಿಜಾತವೇ? ಶಾಲೆಯ ಮಕ್ಕಳಿಗೆ ಕಬ್ಬಿಣದ ಮಾತ್ರೆಯಲ್ಲಿ ಬೆರೆಸಿ ಹಂಚುವ ಪುಡಿಗಾಸಿನ ಸರಕು. ಅಳತೆ ಮೀರಿದರೆ ಅದು ರಕ್ತದಲ್ಲಿರುವ ಫಿನಿಟಾಯಿನ್ ಮಟ್ಟವನ್ನು ಇಳಿಸುತ್ತದೆ, ಹಾಗಾಗಿ ಗೊತ್ತಿದ್ದವರೇ ಕೊಡಬೇಕು, ನಿಜ. ಗೊತ್ತಿದ್ದವರು ಅಂತ ತಾನೇ ನಾವು ಬೆಳಗಿನ ಮೊದಲ ಬಸ್ಸು ಹಿಡಿದು ತಾಲ್ಲೂಕು ಆಸ್ಪತ್ರೆಗೆ ಹೋಗುವುದು!

ಅಲ್ಲಿ ನಡೆಯುವ ಮಾತುಕತೆ ಹೀಗೆ:

"ಫಿಟ್ಸ್ ಬಂತಾ?"

"ಇಲ್ಲ ಸಾರ್."

"ಅದೇ ಕಂಟಿನ್ಯೂ. ನೆಕ್ಸ್ಟ್."

ಮುಗಿಯಿತು. ಬಾಯಿ ತೆಗೆ ಅನ್ನಲಿಲ್ಲ. ಕೈ ಮುಂದೆ ಚಾಚು, ನಡುಗುತ್ತದೋ ನೋಡೋಣ ಅನ್ನಲಿಲ್ಲ. ನಾಲ್ಕು ಹೆಜ್ಜೆ ನಡೆಸಲಿಲ್ಲ. ಮುಟ್ಟು ಸರಿಯಾಗಿದೆಯಾ, ಮದುವೆ ಗೊತ್ತಾಗಿದೆಯಾ, ಬೇರೆ ಏನು ಮಾತ್ರೆ ತಗೋತೀಯ ಎಂದು ಕೇಳಲಿಲ್ಲ. ಫಿಟ್ಸ್ ನಿಂತಿತು ಎಂದರೆ ವೈದ್ಯಶಾಸ್ತ್ರ ಗೆದ್ದಿತು. ಉಳಿದ ಮೈ ಯಾರದೋ!

ನಿಮ್ಹಾನ್ಸ್ ತಜ್ಞರು ಬೆಂಗಳೂರು ಮತ್ತು ಸುತ್ತಲ ಹಳ್ಳಿಗಳಲ್ಲಿ ಮಾಡಿದ ಸಮೀಕ್ಷೆಯ ಪ್ರಕಾರ ಸಾವಿರಕ್ಕೆ ಹತ್ತಿರ ಹತ್ತಿರ ಒಂಬತ್ತು ಮಂದಿಗೆ ಈ ಕಾಯಿಲೆ. ಹಳ್ಳಿಯಲ್ಲಿ ಪಟ್ಟಣದ ಎರಡರಷ್ಟು. ಅಂದರೆ ಕಾಯಿಲೆ ಹೆಚ್ಚಿರುವ ಕಡೆಯೇ ಕೇಳುವವರು ಕಡಿಮೆ. ಈ ಅನ್ಯಾಯಕ್ಕೆ ಪ್ರಕೃತಿಯನ್ನು ದೂರಬೇಡಿ.

ಫಿನಿಟಾಯಿನ್‌ನಲ್ಲಿ ಇನ್ನೊಂದು ಮೋಸವಿದೆ. ಲಿವರ್ ಅದನ್ನು ಅರಗಿಸಲು ಒಂದು ಮಿತಿಯಿದೆ. ಆ ಮಿತಿ ಮುಟ್ಟಿದ ಮೇಲೆ ಡೋಸನ್ನು ಸ್ವಲ್ಪವೇ ಏರಿಸಿದರೂ ರಕ್ತದಲ್ಲಿ ಮಟ್ಟ ಒಮ್ಮೆಲೇ ಜಿಗಿಯುತ್ತದೆ. ಮಿಲಿಲೀಟರಿಗೆ 10ರಿಂದ 20 ಮೈಕ್ರೋಗ್ರಾಂ ಒಳಗೆ ಇರಬೇಕಾದದ್ದು ಮೂವತ್ತು ದಾಟಿದರೆ ಆಳು ತೂರಾಡುತ್ತಾನೆ, ಕಣ್ಣಿಗೆ ಒಂದು ಎರಡಾಗಿ ಕಾಣುತ್ತದೆ, ನಾಲಿಗೆ ತೊದಲುತ್ತದೆ. ಹೊಟ್ಟೆಗಿಲ್ಲದೆ ಸೊರಗಿದವರ ರಕ್ತದಲ್ಲಿ ಆಲ್ಬುಮಿನ್ ಕಡಿಮೆ ಇರುತ್ತದಲ್ಲ, ಅವರಲ್ಲಿ ಪರೀಕ್ಷೆಯ ಅಂಕಿ ಸರಿಯಾಗಿ ಕಂಡರೂ ಮೈಗೆ ವಿಷವೇರಿರಬಹುದು. ಬಡತನ ಲ್ಯಾಬ್ ರಿಪೋರ್ಟಿನಲ್ಲೂ ಸುಳ್ಳು ಹೇಳಿಸುತ್ತದೆ. ಇಷ್ಟಾದರೂ ಊರು ಏನೆನ್ನುತ್ತದೆ? ಬೆಳಗ್ಗೆಯೇ ಹಾಕ್ಕೊಂಡು ಬಂದಿದಾನೆ. ಮೇಸ್ತ್ರಿ ಕೆಲಸ ಬಿಡಿಸುತ್ತಾನೆ. ವರ್ಷಗಟ್ಟಲೆ ಹೀಗೆ ವಿಷವೇರಿದರೆ ಕಿರುಮೆದುಳೇ ಸೊರಗಬಹುದು. ಆಮೇಲೆ ಮಾತ್ರೆ ಬಿಡಿಸಿದರೂ ನಡಿಗೆ ಪೂರ್ತಿ ಸರಿಯಾಗುವ ಭರವಸೆಯಿಲ್ಲ.

ಹಾಗೆಂದು ಎಲ್ಲರಿಗೂ ಮೂರು ತಿಂಗಳಿಗೊಮ್ಮೆ ರಕ್ತ ತೆಗೆಯಿರಿ ಎನ್ನುತ್ತಿಲ್ಲ. ಅದು ಖಾಸಗಿಯವರ ದಂಧೆ. ಆರಾಮಾಗಿರುವವರಿಗೆ ಹದಿನೆಂಟು ಪರೀಕ್ಷೆಯ ಪ್ಯಾಕೇಜ್ ಕಟ್ಟುತ್ತಾರೆ, ತೂರಾಡುವ ಕೂಲಿಯವನಿಗೆ ಬೇಕಾದ ಒಂದೇ ಒಂದು ಪರೀಕ್ಷೆ ಸರ್ಕಾರಿ ಕಡೆ ಸಿಕ್ಕುವುದಿಲ್ಲ. ಹೊರಗೆ ಮಾಡಿಸಿದರೆ ಒಂದು ದಿನದ ಕೂಲಿ ಹೋಯಿತು. ಲೆವೆಟಿರಾಸಿಟಮ್‌ನಂಥ ಹೊಸ ಮಾತ್ರೆಗೆ ರಕ್ತದ ಮಟ್ಟ ನೋಡುವ ಅಗತ್ಯ ಸಾಮಾನ್ಯವಾಗಿ ಇಲ್ಲವೇ ಇಲ್ಲ. ಅಲ್ಲಿ ನೋಡಬೇಕಾದದ್ದು ಮನಸ್ಸನ್ನು. ಕೆಲವರಿಗೆ ಅದು ತಡೆಯಲಾರದ ಸಿಡುಕು ತರುತ್ತದೆ, ಕೆಲವರನ್ನು ಮಂಕಿಗೆ ತಳ್ಳುತ್ತದೆ. ಮನೆಯವರು ಸೊಸೆಗೆ ಗಾಳಿ ಸೋಕಿದೆ ಎಂದು ತಾಯತ ಕಟ್ಟಿಸುತ್ತಾರೆ. ಮಾತ್ರೆ ಬದಲಾದ ಮೇಲೆ ಸ್ವಭಾವ ಬದಲಾಯಿತಾ ಎಂದು ಕೇಳಲು ಯಾವ ಯಂತ್ರ ಬೇಕು?

ಕಾರ್ಬಮಜೆಪಿನ್ ಎಂಬ ಇನ್ನೊಂದು ಫಿಟ್ಸ್ ಮಾತ್ರೆ ಶುರುವಾದ ಮೊದಲ ಎರಡು ತಿಂಗಳಲ್ಲಿ ಮೈಮೇಲೆ ದದ್ದು, ಜ್ವರ, ಬಾಯಿ ಕಣ್ಣುಗಳಲ್ಲಿ ಹುಣ್ಣು ಬಂದರೆ ಅದು ಸ್ಟೀವನ್ಸ್-ಜಾನ್ಸನ್ ಇರಬಹುದು. ಚರ್ಮ ಸುಲಿದು ಜೀವ ತೆಗೆಯುವ ಕಾಯಿಲೆ. ಒಂದು ವಂಶವಾಹಿ ಇರುವವರಿಗೆ ಈ ಅಪಾಯ ಬಹಳ ಹೆಚ್ಚು, ಅದು ಏಷ್ಯಾದವರಲ್ಲೇ ಜಾಸ್ತಿ ಎಂದು ಅಮೆರಿಕದ ಔಷಧ ನಿಯಂತ್ರಕರು 2007ರಲ್ಲೇ ಎಚ್ಚರಿಸಿದರು. ತೈವಾನ್ ಮಾತ್ರೆ ಕೊಡುವ ಮೊದಲೇ ಅದನ್ನು ಪರೀಕ್ಷಿಸಿ ಜನರನ್ನು ಉಳಿಸಿಕೊಂಡಿತು. ನಮ್ಮ ಹಳ್ಳಿಯಲ್ಲಿ ಮೈಮೇಲೆ ಎದ್ದರೆ "ಅಮ್ಮ ಆಗಿದೆ" ಎಂದು ಬೇವಿನ ಸೊಪ್ಪು ಹಾಸಿ ಮಲಗಿಸುತ್ತಾರೆ. ಮಾತ್ರೆ ಮಾತ್ರ ನಿಲ್ಲಿಸುವುದಿಲ್ಲ, ತಪ್ಪಿಸಬೇಡ ಎಂದು ಡಾಕ್ಟರು ಹೇಳಿದ್ದಾರಲ್ಲ! ದದ್ದು ಕಂಡರೆ ಅವತ್ತೇ ಓಡಿ ಬಾ ಎಂಬ ಒಂದು ವಾಕ್ಯ ಕೂಡ ಅವರಿಗೆ ಭಾರವಾಯಿತು.

ಇನ್ನು ಸರ್ಕಾರದ ಎರಡು ಕೈಗಳ ಕಥೆ. ಒಂದು ಕೈ ಪುಕ್ಕಟೆ ಫಿನಿಟಾಯಿನ್, ಫಿನೋಬಾರ್ಬಿಟೋನ್ ಕೊಡುತ್ತದೆ. ಇನ್ನೊಂದು ಕೈ ಗರ್ಭ ತಡೆಯಲು ಪುಕ್ಕಟೆ ಮಾಲಾ-ಎನ್ ಕೊಡುತ್ತದೆ. ಮೊದಲನೆಯದು ಲಿವರನ್ನು ಚುರುಕು ಮಾಡಿ ಎರಡನೆಯದರ ಹಾರ್ಮೋನನ್ನು ಬೇಗ ಕರಗಿಸುತ್ತದೆ. ಗರ್ಭ ತಡೆಯುವ ಮಾತ್ರೆ ತಿನ್ನುತ್ತಲೇ ಬಸುರಾದವಳಿಗೆ ಮನೆಯಲ್ಲಿ ಬೈಗುಳ, ಆಸ್ಪತ್ರೆಯಲ್ಲಿ "ಸರಿಯಾಗಿ ನುಂಗಿಲ್ಲ" ಎಂಬ ಷರಾ.

ಎಲ್ಲಕ್ಕಿಂತ ದೊಡ್ಡ ದ್ರೋಹ ವಾಲ್‌ಪ್ರೋಯೇಟಿನದು. ಒಳ್ಳೆಯ ಔಷಧ, ಕೆಲವು ಬಗೆಯ ಫಿಟ್ಸ್‌ಗೆ ಅದರ ಸಮ ಇನ್ನೊಂದಿಲ್ಲ. ಕೂದಲು ಉದುರುತ್ತದೆ, ತೂಕ ಏರುತ್ತದೆ, ಕೈ ನಡುಗುತ್ತದೆ, ಮುಟ್ಟು ಏರುಪೇರಾಗುತ್ತದೆ, ಹೋಗಲಿ ಎನ್ನೋಣ. ಬಸುರಿಯಾಗಿದ್ದಾಗ ತಿಂದವರಿಗೆ ಹುಟ್ಟಿದ ಮಕ್ಕಳಲ್ಲಿ ನೂರಕ್ಕೆ ಹತ್ತರಷ್ಟು ಮಕ್ಕಳಿಗೆ ಅಂಗವೈಕಲ್ಯ: ಮುಚ್ಚದ ಬೆನ್ನುಹುರಿ, ಸೀಳುತುಟಿ, ಹೃದಯದ ದೋಷ. ನೂರಕ್ಕೆ ಮೂವತ್ತರಿಂದ ನಲವತ್ತು ಮಕ್ಕಳ ಮಾತು, ಕಲಿಕೆ, ಬೆಳವಣಿಗೆ ಕುಂಠಿತ. ಅಮೆರಿಕ ಮತ್ತು ಬ್ರಿಟನ್‌ನಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇಂಥ ಮಕ್ಕಳ ಬುದ್ಧ್ಯಂಕ ಆರನೇ ವಯಸ್ಸಿಗೆ ಬೇರೆ ಮಾತ್ರೆ ತಿಂದ ತಾಯಂದಿರ ಮಕ್ಕಳಿಗಿಂತ 8ರಿಂದ 11 ಅಂಕ ಕಡಿಮೆ ಇತ್ತು. ಡೋಸ್ ಏರಿದಷ್ಟೂ ಅಪಾಯ ಏರುತ್ತದೆ.

ಗೊತ್ತಿರಲಿಲ್ಲವೇ? ಫಿಟ್ಸ್ ಮಾತ್ರೆಗಳಿಂದ ಹುಟ್ಟುವ ಮಗುವಿಗೆ ಊನವಾಗಬಹುದು ಎಂಬ ಚರ್ಚೆ ಬ್ರಿಟನ್ನಿನ ಔಷಧ ಸುರಕ್ಷತಾ ಸಮಿತಿಯ ಮುಂದೆ 1973ರಲ್ಲೇ ಬಂದಿತ್ತು. ವೈದ್ಯರಿಗೆ ತಿಳಿಸೋಣ, ಪ್ಯಾಕೆಟ್ಟಿನೊಳಗಿನ ಚೀಟಿಯಲ್ಲಿ ಬೇಡ, ಹೆಂಗಸರು ಸುಮ್ಮನೆ ಗಾಬರಿಯಾಗುತ್ತಾರೆ ಎಂದು ತೀರ್ಮಾನಿಸಿದರು. ದಶಕಗಳ ನಂತರ ಸಂತ್ರಸ್ತ ಕುಟುಂಬಗಳೇ ದಫ್ತರಖಾನೆ ಕೆದಕಿ ಆ ಕಾಗದಗಳನ್ನು ಹೊರಗೆಳೆದವು. ಫ್ರಾನ್ಸಿನಲ್ಲಿ ಮರೀನ್ ಮಾರ್ಟಿನ್ ಎಂಬ ತಾಯಿ 2011ರಲ್ಲಿ ಸಂಘ ಕಟ್ಟಿ ಬೀದಿಗಿಳಿದಳು. 2017ರಲ್ಲಿ ಅಲ್ಲಿನ ಸರ್ಕಾರಿ ಸಂಸ್ಥೆಗಳೇ ಲೆಕ್ಕ ಒಪ್ಪಿಸಿದವು: 1967ರಿಂದ ಈಚೆಗೆ ಈ ಮಾತ್ರೆಯಿಂದ ಗಂಭೀರ ವೈಕಲ್ಯದೊಂದಿಗೆ ಹುಟ್ಟಿದ ಮಕ್ಕಳು 2,150ರಿಂದ 4,100. ಯುರೋಪು 2018ರಲ್ಲಿ ನಿಯಮ ಬಿಗಿಗೊಳಿಸಿತು. ಇವತ್ತು ಬ್ರಿಟನ್ನಿನಲ್ಲಿ ಆ ಪ್ಯಾಕೆಟ್ಟಿನ ಮೇಲೆ ಬಸುರಿಯ ಎಚ್ಚರಿಕೆ ಚಿತ್ರವಿರುತ್ತದೆ. 55 ವರ್ಷದೊಳಗಿನವರಿಗೆ ಹೊಸದಾಗಿ ಶುರು ಮಾಡಬೇಕಾದರೆ ಇಬ್ಬರು ತಜ್ಞರು ಬೇರೆ ದಾರಿಯಿಲ್ಲ ಎಂದು ಒಪ್ಪಬೇಕು.

ನಮ್ಮ ಕೈಗೆ ಬರುವುದೇನು? ಕತ್ತರಿಯಲ್ಲಿ ಕತ್ತರಿಸಿ, ಕಾಗದದ ಪೊಟ್ಟಣಕ್ಕೆ ಹಾಕಿದ ಅರ್ಧ ಸ್ಟ್ರಿಪ್. ಹೆಸರೇ ತುಂಡಾಗಿರುತ್ತದೆ. ಉಳಿದ ಅಕ್ಷರ ಇಂಗ್ಲಿಷಿನಲ್ಲಿ, ಅದೂ ಇರುವೆ ಗಾತ್ರದ್ದು. ಕನ್ನಡ ಶಾಲೆಯಲ್ಲಿ ಏಳನೇ ಕ್ಲಾಸು ಓದಿದವಳು ತನ್ನ ಹೊಟ್ಟೆಯೊಳಗೆ ಹೋಗುವುದನ್ನು ಓದುವಂತಿಲ್ಲ.

ಕೇಳಿದರೆ ವೈದ್ಯರು 1973ರ ಅದೇ ಮಾತನ್ನು ಕನ್ನಡದಲ್ಲಿ ಹೇಳುತ್ತಾರೆ: "ಹೇಳಿದ್ರೆ ಹೆದರಿ ಬಿಟ್ಬಿಡ್ತಾರೆ." ಈ ಭಯ ಪೂರ್ತಿ ಸುಳ್ಳಲ್ಲ. ಫಿಟ್ಸ್ ಮಾತ್ರೆಯನ್ನು ಏಕಾಏಕಿ ಬಿಟ್ಟರೆ ಫಿಟ್ಸ್ ನಿಲ್ಲದೆ ಬಡಿದು ಪ್ರಾಣ ಹೋಗಬಹುದು, ಬಸುರಿಯಾದರೆ ಎರಡು ಪ್ರಾಣ. ಇದನ್ನು ಓದಿ ಯಾರಾದರೂ ನಾಳೆ ಬೆಳಗ್ಗೆ ಮಾತ್ರೆಯನ್ನು ಚರಂಡಿಗೆ ಎಸೆದರೆ ನನ್ನ ಸಿಟ್ಟು ಅವರನ್ನೇ ಕೊಂದಂತೆ. ಬಿಡಬೇಡಿ, ಬದಲಿಸಿ ಎಂದು ಪಟ್ಟು ಹಿಡಿಯಿರಿ. ಆದರೆ ಸ್ವಾಮಿ, ಹೇಳದೆ ಇದ್ದಾಗ ಜನ ಬಿಟ್ಟಿಲ್ಲವೇ? ಕೂದಲು ಮುಷ್ಟಿಗಟ್ಟಲೆ ಬಂದಾಗ, ಮದುವೆಯಾಗಿ ಅತ್ತೆಯ ಕಣ್ಣು ತಪ್ಪಿಸಿ ನುಂಗಲಾಗದೆ ಹೋದಾಗ ಬಿಟ್ಟಿದ್ದಾರೆ. ಹಿಂದೂ ವಿವಾಹ ಕಾಯ್ದೆಯಿಂದ ಮದುವೆ ಮುರಿಯಲು ಇದ್ದ ಮೂರ್ಛೆರೋಗದ ನೆಪವನ್ನು 1999ರಲ್ಲಿ ತೆಗೆದುಹಾಕಿದ್ದು ಆ ಅತ್ತೆಗೂ ಗೊತ್ತಿಲ್ಲ, ಸೊಸೆಗೂ ಗೊತ್ತಿಲ್ಲ. ಬಿಟ್ಟವಳು ಒಲೆಯ ಮುಂದೆ ಬಿದ್ದು ಸುಟ್ಟುಕೊಂಡರೆ ಕೇಸ್‌ಶೀಟಿನಲ್ಲಿ ಬರೆಯುವುದು "ರೋಗಿಯ ನಿರ್ಲಕ್ಷ್ಯ".

ಹಳ್ಳಿಯವರನ್ನು ಹೀಗೆ ಬೆನ್ನು ಹತ್ತಿ ನೋಡಿಕೊಳ್ಳಲು ಆಗುವುದಿಲ್ಲ ಎನ್ನುವವರು ಚಾಮರಾಜನಗರ ಜಿಲ್ಲೆಯ ಯಳಂದೂರಿಗೆ ಹೋಗಿ ಕೇಳಲಿ. ಡಾ. ಕೆ.ಎಸ್. ಮಣಿ ಮತ್ತು ಸಂಗಡಿಗರು ಅಲ್ಲಿ ಫಿನೋಬಾರ್ಬಿಟೋನ್, ಫಿನಿಟಾಯಿನ್ ಎಂಬ ಅಗ್ಗದ ಮಾತ್ರೆಗಳನ್ನೇ ಕೊಟ್ಟು, ರೋಗಿಗಳನ್ನು ವರ್ಷಗಟ್ಟಲೆ ವಿಚಾರಿಸಿಕೊಂಡು, 2001ರಲ್ಲಿ ಲ್ಯಾನ್ಸೆಟ್‌ನಲ್ಲಿ ಬರೆದರು. ಆ ಊರಿನ ಹೆಸರು ಜಗತ್ತಿನ ನರರೋಗ ತಜ್ಞರಿಗೆ ಗೊತ್ತು. ಪಕ್ಕದ ಕೇರಳದಲ್ಲಿ ಶ್ರೀಚಿತ್ರಾ ಸಂಸ್ಥೆ 1998ರಿಂದ ಮೂರ್ಛೆರೋಗವಿರುವ ಬಸುರಿಯರ ನೋಂದಣಿ ಇಟ್ಟು ತಾಯಿ ಮಗು ಇಬ್ಬರನ್ನೂ ಹಿಂಬಾಲಿಸುತ್ತಿದೆ. ಕೈಲಾಗದ ಕೆಲಸ ಅಲ್ಲ ಇದು, ಮನಸ್ಸಿಲ್ಲದ ಕೆಲಸ.

ಬಸುರಿಯಾದ ಮೇಲೆ ತಾಯಿ ಕಾರ್ಡಿನಲ್ಲಿ ಬರೆದುಕೊಳ್ಳುತ್ತೇವೆ ಬಿಡಿ ಎಂದು ಇಲಾಖೆಯವರು ಸಮಾಧಾನ ಹೇಳಬೇಡಿ. ಗರ್ಭ ಕಟ್ಟಿದ 28 ದಿನಕ್ಕೆ ಕೂಸಿನ ಬೆನ್ನುಹುರಿ ಮುಚ್ಚಬೇಕು. ಮುಟ್ಟು ನಿಂತಿದೆಯೇ ಎಂದು ತಾಯಿ ಇನ್ನೂ ಬೆರಳು ಎಣಿಸುತ್ತಿರುತ್ತಾಳೆ. ಹೇಳುವುದಿದ್ದರೆ ಆ ಮಾತ್ರೆಯ ಮೊದಲ ಚೀಟಿ ಬರೆದ ದಿನವೇ, ಹುಡುಗಿಗೆ ಹದಿನಾಲ್ಕೇ ಆಗಿರಲಿ, ಅವಳ ಎದುರಿಗೆ, ಅವಳ ಕನ್ನಡದಲ್ಲಿ ಹೇಳಿ. ಹೇಳಿದ್ದೇನೆ ಎಂದು ಅದೇ ಚೀಟಿಯಲ್ಲಿ ಬರೆದು ಸಹಿ ಹಾಕಿ.