ಗೆರೆಯ ದೂರ, ದಾರಿಯ ದೂರ

ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣಕ್ಕೂ ಕಣ್ಣೂರು ಜಿಲ್ಲೆಯ ಮಟ್ಟನ್ನೂರಿನ ವಿಮಾನ ನಿಲ್ದಾಣಕ್ಕೂ ನಡುವಿನ ದೂರವೆಷ್ಟು? ಭೂಪಟದ ಮೇಲೆ ನೇರ ಗೆರೆ ಎಳೆದರೆ ಸುಮಾರು 136 ಕಿಲೋಮೀಟರ್. ತಲಪಾಡಿ, ಕಾಸರಗೋಡು, ಪಯ್ಯನ್ನೂರು ದಾರಿಯಾಗಿ ರಸ್ತೆಯಲ್ಲಿ ಸಾಗಿದರೆ ಸುಮಾರು 180. ಗಡಿಯಾರದ ಲೆಕ್ಕದಲ್ಲಿ ನಾಲ್ಕು ಗಂಟೆ. ಮಳೆಯೂ ವಾಹನದಟ್ಟಣೆಯೂ ಕೂಡಿದರೆ ಇನ್ನೂ ಹೆಚ್ಚು. ಆಕಾಶದಲ್ಲಿ ಅಡ್ಡವಿಲ್ಲ. ನೆಲದ ಮೇಲಾದರೋ ನೇತ್ರಾವತಿ, ಚಂದ್ರಗಿರಿ, ಕಾರ್ಯಂಗೋಡು, ವಳಪಟ್ಟಣಂ ಹೊಳೆಗಳಿಗೆ ಸೇತುವೆ ಇರುವೆಡೆಯಲ್ಲಿಯೇ ದಾರಿ.

ಈ ಎರಡು ನಿಲ್ದಾಣಗಳ ನಡುವೆ ಕಾಸರಗೋಡು ಜಿಲ್ಲೆಯಿದೆ. ಮಂಜೇಶ್ವರದವರಿಗೆ ಬಜ್ಪೆ ಹತ್ತಿರ, ತೃಕರಿಪುರದವರಿಗೆ ಮಟ್ಟನ್ನೂರು ಹತ್ತಿರ. ಕಾಞಂಗಾಡಿನ ಆಸುಪಾಸಿನವರಿಗೆ ಎರಡೂ ಹೆಚ್ಚುಕಡಿಮೆ ಸಮದೂರ. ಮಳೆಗಾಲದಲ್ಲಿ ಮೋಡ ಕವಿದು ಒಂದೆಡೆ ಇಳಿಯಲಾಗದ ವಿಮಾನವನ್ನು ಇನ್ನೊಂದೆಡೆಗೆ ತಿರುಗಿಸುವುದೂ ಉಂಟು. ವಿಮಾನಕ್ಕೆ ಅದು ಕೆಲವು ನಿಮಿಷಗಳ ಹಾದಿ. ಗಲ್ಫಿನಿಂದ ಬರುವ ಮಗನಿಗಾಗಿ ಹೊರಗೆ ಕಾದುನಿಂತ ಮನೆಯವರಿಗೆ ಅರ್ಧ ದಿನದ ಪಯಣ.

ದೂರವನ್ನು ಕಾನೂನು ಹೇಗೆ ಅಳೆಯುತ್ತದೆ? ಕೇಂದ್ರ ಸರಕಾರದ 2008ರ ಹೊಸ ವಿಮಾನ ನಿಲ್ದಾಣಗಳ ನೀತಿಯು 150 ಕಿಲೋಮೀಟರಿನ ಗಡಿಯೊಂದನ್ನು ಹಾಕಿತು. ಇರುವ ನಿಲ್ದಾಣದಿಂದ ಅಷ್ಟರೊಳಗೆ ಹೊಸತು ಬರುವುದಾದರೆ, ಹಳೆಯದರ ಮೇಲಾಗುವ ಪರಿಣಾಮವನ್ನು ಪರಿಶೀಲಿಸಬೇಕು. 2018ರ ಡಿಸೆಂಬರ್ 9ರಂದು ಉದ್ಘಾಟನೆಗೊಂಡ ಕಣ್ಣೂರು ನಿಲ್ದಾಣವು ಮಂಗಳೂರು, ಕಲ್ಲಿಕೋಟೆ ಎರಡಕ್ಕೂ ಈ ಗಡಿಯೊಳಗೇ ಇದೆ. ನೀತಿಯು ಹೇಳಿದ್ದು ವೈಮಾನಿಕ ದೂರವನ್ನು. ಹಾರುವ ವಾಹನಕ್ಕೆ ಆ ಅಳತೆ ಸರಿಯೇ.

ಆದರೆ ಕೇಂದ್ರ ಕಾನೂನುಗಳಿಗೆ ಸಾಮಾನ್ಯ ನಿಯಮವೂ ಅದೇ. 1897ರ ಸಾಮಾನ್ಯ ಖಂಡಗಳ ಅಧಿನಿಯಮದ 11ನೆಯ ಪ್ರಕರಣದಂತೆ, ಬೇರೆ ಉದ್ದೇಶ ಕಂಡುಬರದಿದ್ದರೆ ದೂರವನ್ನು ಸಮತಲದ ಮೇಲೆ ನೇರ ಗೆರೆಯಲ್ಲಿಯೇ ಅಳೆಯಬೇಕು. ಗುಡ್ಡವೂ ಹೊಳೆಯೂ ಆ ಗೆರೆಗೆ ಲೆಕ್ಕವಿಲ್ಲ.

ಕನ್ನಡ ಶಾಲೆಗಳ ಪೋಷಕರು ಗಮನಿಸಬೇಕಾದುದು ‘ಬೇರೆ ಉದ್ದೇಶ’ ಎಂಬ ಆ ಮಾತನ್ನು. ಶಿಕ್ಷಣ ಹಕ್ಕು ಅಧಿನಿಯಮದಡಿ ಕೇರಳವು 2011ರಲ್ಲಿ ರಚಿಸಿದ ನಿಯಮಗಳು ಒಂದರಿಂದ ಐದನೆಯ ತರಗತಿಯವರೆಗೆ 1 ಕಿಲೋಮೀಟರ್, ಆರರಿಂದ ಎಂಟರವರೆಗೆ 3 ಕಿಲೋಮೀಟರ್ ಎನ್ನುತ್ತವೆ; ಅದೂ ನಡೆದುಹೋಗುವ ದೂರ. ಅಂದರೆ ಇಲ್ಲಿ ಅಳೆಯಬೇಕಾದುದು ಮಗುವಿನ ದಾರಿಯನ್ನು, ಭೂಪಟದ ಗೆರೆಯನ್ನಲ್ಲ. ಕೇಂದ್ರದ 2010ರ ನಿಯಮಗಳು ಗುಡ್ಡಕುಸಿತ, ನೆರೆ, ರಸ್ತೆಯ ಕೊರತೆ ಇರುವೆಡೆಗಳಲ್ಲಿ ಈ ಮಿತಿಯನ್ನು ಇನ್ನೂ ಕಿರಿದಾಗಿಸಬೇಕೆನ್ನುತ್ತವೆ.

ಆದುದರಿಂದ ಮಕ್ಕಳು ಕಡಿಮೆಯೆಂದು ಕನ್ನಡ ಶಾಲೆಯೊಂದನ್ನು ಮುಚ್ಚಿ ‘ಹತ್ತಿರದ’ ಶಾಲೆಗೆ ಸೇರಿಸುವ ಮಾತು ಬಂದಾಗ, ಪೋಷಕರು ಆ ದೂರವನ್ನು ನಡೆದೇ ಅಳೆಯಲಿ. ಮನೆಯಿಂದ ಶಾಲೆಯವರೆಗಿನ ಹಾದಿ, ದಾಟಬೇಕಾದ ತೋಡು, ಕಾಲುಸಂಕ, ಹೆದ್ದಾರಿ, ಆಷಾಢದ ಮಳೆಯಲ್ಲಿ ತಗಲುವ ಹೊತ್ತು, ಇವಿಷ್ಟನ್ನೂ ಬರೆದು, ಸಹಿ ಹಾಕಿ, ಅರ್ಜಿಯೊಂದಿಗೆ ಉಪಜಿಲ್ಲಾ ಶಿಕ್ಷಣಾಧಿಕಾರಿಯವರಿಗೆ ಸಲ್ಲಿಸಿ ಸ್ವೀಕೃತಿ ಪಡೆಯಲಿ. ಆ ಶಾಲೆಯಲ್ಲಿ ಕನ್ನಡ ತರಗತಿ ಇದೆಯೇ ಎಂಬುದನ್ನೂ ಅದರಲ್ಲಿಯೇ ಕೇಳಲಿ. ಬಾಯಿಮಾತಿನ ದೂರು ಕಡತ ಸೇರುವುದಿಲ್ಲ. ಬರೆದು ಕೊಟ್ಟ ಅಳತೆಗೆ ಉತ್ತರ ಕೊಡಬೇಕಾಗುತ್ತದೆ.